ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಂಜಿನ್ ಕುದಿಯದಿರಲು: ಕಾರಿನ ಕೂಲಿಂಗ್ ವ್ಯವಸ್ಥೆಯ ಕೆಲಸ ಮತ್ತು ಆರೈಕೆ

ಬೆಂಗಳೂರಿನ ಹವೆ ತಂಪು, ಇಲ್ಲಿ ಎಂಜಿನ್ ಕಾಯುವ ಭಯವಿಲ್ಲ ಎಂದು ಕಾರಿನವರು ಬಹಳ ಮಂದಿ ನಂಬಿದ್ದಾರೆ. ಈ ಊರಿನ ಗರಿಷ್ಠ ತಾಪಮಾನದ ದಾಖಲೆ 2016ರ ಏಪ್ರಿಲ್‌ನಲ್ಲಿ ಬಂದ 39.2 ಡಿಗ್ರಿ. ರಾಯಚೂರು, ಕಲಬುರಗಿಯವರು ಅದಕ್ಕಿಂತ ಹೆಚ್ಚಿನ ಬಿಸಿಲನ್ನು ಪ್ರತಿ ಬೇಸಿಗೆಯಲ್ಲೂ ಕಾಣುತ್ತಾರೆ. ಆದರೆ ಹೊರಗಿನ ಗಾಳಿ 30 ಡಿಗ್ರಿಯೋ 38 ಡಿಗ್ರಿಯೋ ಎನ್ನುವುದಕ್ಕಿಂತ ಅದು ರೇಡಿಯೇಟರಿನ ಮೂಲಕ ಹರಿಯುತ್ತಿದೆಯೇ ಎನ್ನುವುದು ಎಂಜಿನ್ನಿಗೆ ಮುಖ್ಯ. ಸಿಲ್ಕ್ ಬೋರ್ಡಿನಲ್ಲೋ ಟಿನ್ ಫ್ಯಾಕ್ಟರಿಯಲ್ಲೋ ಮೊದಲ ಗೇರಿನಲ್ಲಿ ತೆವಳುವ ಕಾರಿಗೆ ಎದುರುಗಾಳಿ ಸಿಗುವುದಿಲ್ಲ. ಮೇಲಾಗಿ ಎಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕುಳಿತು ತನ್ನ ಬಿಸಿಯನ್ನೂ ಹಿಂದಕ್ಕೆ ದಾಟಿಸುತ್ತಿರುತ್ತದೆ.

ಈ ಊರಿನಲ್ಲಿ ಎಂಜಿನ್ ಕೆಡುವುದು ಹೆಚ್ಚಾಗಿ ಮೂರು ಕಾರಣಕ್ಕೆ: ತಿರುಗದ ಫ್ಯಾನ್, ಒತ್ತಡ ಹಿಡಿಯದ ರೇಡಿಯೇಟರ್ ಮುಚ್ಚಳ, ರೇಡಿಯೇಟರಿಗೆ ಸುರಿದ ಬೋರ್ ನೀರು. ಮೂರನ್ನೂ ಕಡಿಮೆ ಖರ್ಚಿನಲ್ಲಿ ಸರಿಯಿಡಬಹುದು. ಬಿಟ್ಟರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚುವ ಕೆಲಸಕ್ಕೆ ಬರುತ್ತದೆ, ಆಗಿನ ಲೆಕ್ಕವೇ ಬೇರೆ.

ಶಾಖದ ದಾರಿ

ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಸಣ್ಣ ಪಾಲು. ದೊಡ್ಡದೊಂದು ಪಾಲು ಸೈಲೆನ್ಸರಿನಲ್ಲಿ ಹೊರಹೋಗುತ್ತದೆ, ಇನ್ನೊಂದು ದೊಡ್ಡ ಪಾಲು ಸಿಲಿಂಡರಿನ ಗೋಡೆಗೆ, ಹೆಡ್ಡಿಗೆ ಇಳಿಯುತ್ತದೆ. ಅದನ್ನು ಹೊತ್ತೊಯ್ಯುವುದು ಕೂಲಂಟ್ ಎಂಬ ದ್ರವ. ವಾಟರ್ ಪಂಪ್ ಅದನ್ನು ಸಿಲಿಂಡರುಗಳಿರುವ ಬ್ಲಾಕಿಗೆ ತಳ್ಳುತ್ತದೆ. ಅಲ್ಲಿಂದ ಅದು ಹೆಡ್ಡಿಗೆ ಏರಿ, ಮೇಲಿನ ಹೋಸ್ ಮೂಲಕ ರೇಡಿಯೇಟರಿಗೆ ಬಂದು, ತಣಿದು, ಕೆಳಗಿನ ಹೋಸಿನಿಂದ ಮತ್ತೆ ಪಂಪಿಗೆ ಸೇರುತ್ತದೆ. ಇದರ ಒಂದು ಸಣ್ಣ ಕವಲು ಡ್ಯಾಶ್‌ಬೋರ್ಡಿನ ಒಳಗಿದ್ದು ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್‌ಗೂ ಹೋಗುತ್ತದೆ.

ದಾರಿಯಲ್ಲಿ ಕಾವಲಿಗೆ ನಿಂತಿರುವುದು ಥರ್ಮೋಸ್ಟ್ಯಾಟ್. ಅದರೊಳಗೆ ಮೇಣ ತುಂಬಿದ ಪುಟ್ಟ ಡಬ್ಬಿಯಿದೆ. ಎಂಜಿನ್ ತಣ್ಣಗಿದ್ದಾಗ ಬಾಗಿಲು ಮುಚ್ಚಿದ್ದು, ಕೂಲಂಟ್ ಎಂಜಿನ್ನಿನ ಒಳಗೇ ಸುತ್ತುತ್ತದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯಲು ಶುರುವಾಗುತ್ತದೆ, ಇನ್ನೊಂದು 12 ಡಿಗ್ರಿಯಷ್ಟು ಏರುವ ಹೊತ್ತಿಗೆ ಪೂರ್ತಿ ತೆರೆಯುತ್ತದೆ. ತೆರೆಯುವ ತಾಪಮಾನವನ್ನು ಅದರ ಮೇಲೆಯೇ ಕೆತ್ತಿರುತ್ತಾರೆ.

ಎಂಜಿನ್ ಬಿಸಿಯಾಗುತ್ತಿದೆ ಎಂದು ಥರ್ಮೋಸ್ಟ್ಯಾಟನ್ನೇ ಕಿತ್ತು ಹಾಕುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಒಪ್ಪಬೇಡಿ. ಅದಿಲ್ಲದ ಎಂಜಿನ್ ಬೇಕಾದಷ್ಟು ಕಾಯಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತದೆ, ಮೈಲೇಜ್ ಇಳಿಯುತ್ತದೆ, ಆಯಿಲ್‌ನಲ್ಲಿ ತೇವ ಉಳಿದು ಕೆಸರು ಕಟ್ಟುತ್ತದೆ. ಕೆಲವು ಎಂಜಿನ್ನುಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಅದೇ ಥರ್ಮೋಸ್ಟ್ಯಾಟಿನ ಕೆಲಸ. ಅಲ್ಲಿ ಅದನ್ನು ತೆಗೆದರೆ ಕೂಲಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಸುತ್ತಿ, ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ.

ಮುಚ್ಚಳ ಏಕೆ ಇಷ್ಟು ಮುಖ್ಯ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 100ಕ್ಕೆ ಅಲ್ಲ, ಸುಮಾರು 97 ಡಿಗ್ರಿಗೆ. ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾಗುವುದು 95ರ ಆಸುಪಾಸಿನಲ್ಲಿ, ಕೆಲವದರಲ್ಲಿ ಇನ್ನೂ ಮೇಲೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಬರೀ ನೀರು ತುಂಬಿ, ಮುಚ್ಚಳ ಒತ್ತಡ ಬಿಡುತ್ತಿದ್ದರೆ, ಫ್ಯಾನ್ ಎದ್ದೇಳುವ ಹೊತ್ತಿಗೆ ನೀರು ಕುದಿಯುವ ಅಂಚಿಗೆ ಬಂದಿರುತ್ತದೆ. ಮಂಗಳೂರಿನಲ್ಲಿ ಅದೇ ಕಾರಿಗೆ ಮೂರು ಡಿಗ್ರಿ ಹೆಚ್ಚಿನ ಅವಕಾಶ ಇರುತ್ತದೆ.

ಮುಚ್ಚಳ ಕುಕ್ಕರಿನ ವಿಶಲ್ಲಿನಂತೆ ಕೆಲಸ ಮಾಡುತ್ತದೆ. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿದ್ದರೆ ಅಷ್ಟು ಬಾರ್ ಒತ್ತಡದವರೆಗೆ ಒಳಗೆ ಹಿಡಿದಿಡುತ್ತದೆ ಎಂದರ್ಥ. 0.9ರ ಮುಚ್ಚಳ ಸರಿಯಿದ್ದರೆ ಬೆಂಗಳೂರಿನಲ್ಲೂ ಬರೀ ನೀರು ಕುದಿಯುವುದು ಸುಮಾರು 117 ಡಿಗ್ರಿಗೆ. ಅರ್ಧಕ್ಕರ್ಧ ಕೂಲಂಟ್ ಇದ್ದರೆ 120 ದಾಟುತ್ತದೆ. ಒಂದು ರಬ್ಬರ್ ಉಂಗುರ, ಒಂದು ಸ್ಪ್ರಿಂಗ್ ಕೊಡುವ ರಕ್ಷಣೆ ಇದು.

ಎಂಜಿನ್ ಪೂರ್ತಿ ತಣಿದಾಗ ಮುಚ್ಚಳ ಬಿಚ್ಚಿ ರಬ್ಬರ್ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಅಂಚು ಆಳವಾಗಿ ಒತ್ತಿಹೋಗಿದ್ದರೆ, ಕುತ್ತಿಗೆಯ ಸುತ್ತ ಬಿಳಿ ಅಥವಾ ಗುಲಾಬಿ ಪುಡಿ ಅಂಟಿದ್ದರೆ ಬದಲಿಸಿ. ಮುಚ್ಚಳದ ನಡುವೆ ಇನ್ನೊಂದು ಸಣ್ಣ ವಾಲ್ವ್ ಇದೆ. ಎಂಜಿನ್ ತಣಿಯುವಾಗ ಕೂಲಂಟ್ ಕುಗ್ಗುತ್ತದೆ, ಆಗ ಈ ವಾಲ್ವ್ ತೆರೆದು ರಿಸರ್ವಾಯರ್ ಬಾಟಲಿಯಿಂದ ವಾಪಸ್ ಎಳೆದುಕೊಳ್ಳಬೇಕು. ಬೆಳಿಗ್ಗೆ ಬಾನೆಟ್ ಎತ್ತಿದಾಗ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಆ ವಾಲ್ವ್ ಅಂಟಿಕೊಂಡಿದೆ. ಹೊಸದು ಕೊಳ್ಳುವಾಗ ಹಳೆಯದರಲ್ಲಿದ್ದ ಒತ್ತಡದ ಅಂಕಿಯನ್ನೇ ಕೇಳಿ. ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹಳೆಯ ಮುಚ್ಚಳವನ್ನು ಜೊತೆಗೇ ಒಯ್ದರೆ ತಪ್ಪು ಸಾಮಾನು ಬರುವುದಿಲ್ಲ. ಹೆಚ್ಚು ಒತ್ತಡದ್ದು ಹಾಕಿದರೆ ಒಳ್ಳೆಯದೆಂದು ಹಳೆಯ ರೇಡಿಯೇಟರಿಗೆ ದೊಡ್ಡ ಅಂಕಿಯ ಮುಚ್ಚಳ ಹಾಕಬೇಡಿ, ದುರ್ಬಲವಾದ ಹೋಸೋ ಪ್ಲಾಸ್ಟಿಕ್ ಟ್ಯಾಂಕಿನ ಜೋಡಣೆಯೋ ಬಿಟ್ಟುಕೊಳ್ಳುತ್ತದೆ.

ಯಾವ ಕೂಲಂಟ್, ಯಾವ ನೀರು

ಕೂಲಂಟ್ ಇರುವುದು ಚಳಿದೇಶದವರಿಗೆ, ಹೆಪ್ಪುಗಟ್ಟದಿರಲಿ ಎಂದು, ನಮಗೆ ನೀರೇ ಸಾಕು ಎನ್ನುವವರಿದ್ದಾರೆ. ಬೆಂಗಳೂರಿನ ಕನಿಷ್ಠ ತಾಪಮಾನದ ದಾಖಲೆ 1884ರ ಜನವರಿಯ 7.8 ಡಿಗ್ರಿ, ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ಎನ್ನುವುದು ನಿಜ. ಆದರೆ ನಮಗೆ ಕೂಲಂಟ್ ಬೇಕಾಗಿರುವುದು ಬೇರೆ ಎರಡು ಕೆಲಸಕ್ಕೆ. ಕುದಿಯುವ ಮಟ್ಟವನ್ನು ಅದು ಏರಿಸುತ್ತದೆ. ಅದರಲ್ಲಿ ಬೆರೆಸಿದ ರಾಸಾಯನಿಕಗಳು ಅಲ್ಯೂಮಿನಿಯಂ ಹೆಡ್, ಕಬ್ಬಿಣದ ಬ್ಲಾಕ್, ಪಂಪು, ಬೆಸುಗೆ ಯಾವುದೂ ಸವೆಯದಂತೆ ಕಾಯುತ್ತವೆ. ಈ ರಾಸಾಯನಿಕಗಳು ಕಾಲಕ್ರಮದಲ್ಲಿ ಖರ್ಚಾಗುತ್ತವೆ, ಆದ್ದರಿಂದಲೇ ಸ್ವಚ್ಛವಾಗಿ ಕಾಣುವ ಕೂಲಂಟನ್ನೂ ಬದಲಿಸಬೇಕಾಗುತ್ತದೆ.

ನೀರಿನ ವಿಷಯದಲ್ಲಿ ಬೆಂಗಳೂರಿಗೆ ಅದರದ್ದೇ ಕಷ್ಟವಿದೆ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಗಡಸು. ಬಕೆಟ್ಟಿನ ಅಂಚಿಗೆ, ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿ ಪದರವೇ ಬ್ಲಾಕಿನ ಒಳಗೂ ರೇಡಿಯೇಟರಿನ ತೆಳು ಕೊಳವೆಗಳಲ್ಲೂ ಕಟ್ಟುತ್ತದೆ. ಆ ಪದರ ಶಾಖವನ್ನು ದಾಟಲು ಬಿಡುವುದಿಲ್ಲ. ಕಾವೇರಿ ನೀರು ಇದಕ್ಕಿಂತ ಮೃದು, ಆದರೂ ಅದರಲ್ಲಿ ಲವಣಗಳಿವೆ, ಕ್ಲೋರಿನ್ ಇದೆ. ಮನೆಯ ಆರ್‌ಒ ಯಂತ್ರಗಳೂ ರುಚಿಗೆಂದು ಸ್ವಲ್ಪ ಲವಣ ಉಳಿಸುತ್ತವೆ. ಹಾಕಬೇಕಾದದ್ದು ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರು; ಪೆಟ್ರೋಲ್ ಬಂಕಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಬ್ಯಾಟರಿ ವಾಟರ್ ಎಂದು ಕೇಳಿದರೆ ಕೊಡುತ್ತಾರೆ. ಕ್ಯಾನಿನ ಸೀಲ್ ಒಡೆದಿರಬಾರದು, ಆಸಿಡ್ ಕ್ಯಾನ್ ಕೈಗೆ ಬಂದಿಲ್ಲವೆಂದು ಲೇಬಲ್ ಓದಿ ಖಾತ್ರಿ ಮಾಡಿಕೊಳ್ಳಿ.

ಕೂಲಂಟ್ ಎರಡು ರೂಪದಲ್ಲಿ ಸಿಗುತ್ತದೆ. ರೆಡಿ ಮಿಕ್ಸ್ ಆದರೆ ನೇರ ಸುರಿಯುವುದು, ಅದಕ್ಕೆ ನೀರು ಬೆರೆಸಬಾರದು. ಕಾನ್ಸಂಟ್ರೇಟ್ ಆದರೆ ನೀರು ಬೆರೆಸಲೇಬೇಕು. ಕೂಲಂಟಿನ ಮೂಲದ್ರವವಾದ ಗ್ಲೈಕಾಲ್ ಒಂದೇ ಇದ್ದರೆ ಶಾಖ ಹೊರುವ ಶಕ್ತಿ ಕಡಿಮೆ, ಎಂಜಿನ್ ಹೆಚ್ಚು ಕಾಯುತ್ತದೆ. ಕಾರಿನ ಕೈಪಿಡಿ ಪ್ರಮಾಣ ಹೇಳಿದ್ದರೆ ಅದರಂತೆ, ಇಲ್ಲದಿದ್ದರೆ 50:50. ಡಬ್ಬಿಯ ಮೇಲೆ ಐಎಸ್ 5759 ಅಥವಾ ಜೆಐಎಸ್ ಕೆ 2234 ಎಂಬ ಮಾನದಂಡದ ಉಲ್ಲೇಖ ಇದೆಯೇ ನೋಡಿ.

ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ನೀಲಿ, ಕೆಂಪು, ಗುಲಾಬಿ ಇವೆಲ್ಲ ಕಂಪನಿಗಳು ಹಾಕುವ ಬಣ್ಣ, ಅವಕ್ಕೆ ಒಂದೇ ನಿಯಮವಿಲ್ಲ. ಹಳೆಯ ಮಾದರಿಯ ಕೂಲಂಟಿಗೆ ಸಾಮಾನ್ಯವಾಗಿ 2 ವರ್ಷ ಅಥವಾ 40,000 ಕಿ.ಮೀ. ಆಯಸ್ಸು, ಸಾವಯವ ಆಮ್ಲ ಮಾದರಿಯ ಲಾಂಗ್ ಲೈಫ್ ಕೂಲಂಟಿಗೆ 5 ವರ್ಷ ಅಥವಾ ಹೆಚ್ಚು. ಎರಡನ್ನೂ ಬೆರೆಸಿದರೆ ಲಾಂಗ್ ಲೈಫ್ ಗುಣ ಹೋಗುತ್ತದೆ, ಕೆಲವೊಮ್ಮೆ ಲೋಳೆಯಾಗಿ ಗಟ್ಟಿಕಟ್ಟುತ್ತದೆ. ಒಳಗಿರುವುದು ಯಾವುದೆಂದು ಗೊತ್ತಿಲ್ಲದ ಸೆಕೆಂಡ್‌ಹ್ಯಾಂಡ್ ಕಾರು ಕೊಂಡಿದ್ದರೆ ಟಾಪ್‌ಅಪ್ ಮಾಡುವ ಬದಲು ಪೂರ್ತಿ ಖಾಲಿ ಮಾಡಿ ಹೊಸದು ತುಂಬುವುದು ಸರಿ.

ಕೂಲಂಟ್ ಬದಲಿಸುವುದು

ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲಿ ಒಟ್ಟು 4ರಿಂದ 5 ಲೀಟರ್ ಹಿಡಿಯುತ್ತದೆ, ದೊಡ್ಡ ಡೀಸೆಲ್ ಎಸ್‌ಯುವಿಗಳಲ್ಲಿ 7ರಿಂದ 10. ನಿಮ್ಮ ಕಾರಿನ ಲೆಕ್ಕ ಕೈಪಿಡಿಯಲ್ಲಿದೆ, ಮೊದಲು ಅದನ್ನು ಬರೆದಿಟ್ಟುಕೊಳ್ಳಿ. ಬೇಕಾಗುವ ಸಾಮಾನು: ಅಗಲವಾದ ಟಬ್, ಆಲಿಕೆ, ಇಕ್ಕಳ, ಕೈಗವಸು, 10ರಿಂದ 15 ಲೀಟರ್ ಬ್ಯಾಟರಿ ವಾಟರ್.

ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಬೆಳಿಗ್ಗೆ ಶುರುಮಾಡಿ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆಗಿದ್ದರೂ ಫ್ಯಾನ್ ತಾನಾಗಿ ತಿರುಗುತ್ತದೆ, ಹಾಗಾಗಿ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಡಿ. ಮುಚ್ಚಳ ಬಿಚ್ಚಿ, ರೇಡಿಯೇಟರಿನ ತಳದಲ್ಲಿರುವ ಡ್ರೈನ್ ಪ್ಲಗ್ ಸಡಿಲಿಸಿ ಟಬ್ಬಿಗೆ ಇಳಿಸಿ. ಪ್ಲಗ್ ಪ್ಲಾಸ್ಟಿಕ್ಕಿನದು, ಜೋರು ಮಾಡಿದರೆ ಮುರಿಯುತ್ತದೆ. ಪ್ಲಗ್ ಇಲ್ಲದ ಕಾರಿನಲ್ಲಿ ಕೆಳಗಿನ ಹೋಸ್ ಕಳಚಬೇಕು. ರಿಸರ್ವಾಯರ್ ಬಾಟಲಿಯನ್ನೂ ಬಿಚ್ಚಿ ತೊಳೆಯಿರಿ, ತಳದಲ್ಲಿ ಕೆಸರು ಕೂತಿರುತ್ತದೆ. ಇಳಿದ ಕೂಲಂಟನ್ನು ಅಳೆದಿಡಿ, ಮುಂದಿನ ಲೆಕ್ಕಕ್ಕೆ ಬೇಕು.

ಇಳಿದದ್ದು ಸ್ವಚ್ಛವಾಗಿದ್ದರೆ ತೊಳೆಯುವ ಅಗತ್ಯವಿಲ್ಲ, ರೆಡಿ ಮಿಕ್ಸ್ ತುಂಬಿದರಾಯಿತು. ತುಕ್ಕಿನ ಬಣ್ಣವಿದ್ದರೆ ಬ್ಯಾಟರಿ ವಾಟರ್ ತುಂಬಿ, ತಂತಿ ಮತ್ತೆ ಜೋಡಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿ. ಮೇಲಿನ ಹೋಸ್ ಬಿಸಿಯಾದ ಮೇಲೆ ಇನ್ನೊಂದು ಐದು ನಿಮಿಷ ಓಡಿಸಿ ನಿಲ್ಲಿಸಿ. ಪೂರ್ತಿ ತಣಿದ ಮೇಲೆ ಇಳಿಸಿ. ಇಳಿಯುವ ನೀರು ತಿಳಿಯಾಗುವ ತನಕ ಇದನ್ನೇ ಮತ್ತೆ ಮಾಡಿ.

ಇಲ್ಲಿ ಬಹಳ ಮಂದಿ ಎಡವುವ ಒಂದು ಲೆಕ್ಕವಿದೆ. ರೇಡಿಯೇಟರ್ ಖಾಲಿಯಾದರೂ ಬ್ಲಾಕಿನಲ್ಲಿ, ಹೀಟರಿನಲ್ಲಿ ನೀರು ಉಳಿದಿರುತ್ತದೆ. ಒಟ್ಟು 5 ಲೀಟರ್ ಹಿಡಿಯುವ ಕಾರಿನಿಂದ 3.5 ಲೀಟರ್ ಇಳಿದಿದ್ದರೆ ಒಳಗೆ 1.5 ಲೀಟರ್ ಬರೀ ನೀರು ಇದೆ. ಅದರ ಮೇಲೆ 50:50ರ ರೆಡಿ ಮಿಕ್ಸ್ ಸುರಿದರೆ ಕಾನ್ಸಂಟ್ರೇಟಿನ ಪ್ರಮಾಣ ಶೇಕಡಾ 35ಕ್ಕೆ ಇಳಿಯುತ್ತದೆ. ಆದ್ದರಿಂದ ತೊಳೆದ ಕಾರಿಗೆ ಕಾನ್ಸಂಟ್ರೇಟ್ ಬಳಸಿ: ಮೊದಲು ಒಟ್ಟು ಅಳತೆಯ ಅರ್ಧ, ಅಂದರೆ 2.5 ಲೀಟರ್ ಕಾನ್ಸಂಟ್ರೇಟ್ ಹಾಕಿ, ಉಳಿದ 1 ಲೀಟರಿಗೆ ಬ್ಯಾಟರಿ ವಾಟರ್ ತುಂಬಿ. ಸರಿಯಾಗಿ 50:50 ಆಗುತ್ತದೆ.

ತುಂಬುವಾಗ ಆತುರ ಬೇಡ, ಸಣ್ಣ ಧಾರೆಯಲ್ಲಿ ಸುರಿಯಿರಿ. ಒಳಗೆ ಗಾಳಿ ಸಿಕ್ಕಿಕೊಂಡರೆ ಹೆಡ್ಡಿನ ಆ ಜಾಗಕ್ಕೆ ಕೂಲಂಟ್ ತಾಗದೆ ಲೋಹ ಕಾಯುತ್ತದೆ. ಥರ್ಮೋಸ್ಟ್ಯಾಟಿನ ಬಳಿ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದೆ ಕೂಲಂಟ್ ಬರುವಾಗ ಬಿಗಿಮಾಡಿ. ಕಾರಿನ ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಗಾಳಿ ಸುಲಭವಾಗಿ ಹೊರಬರುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್‌ನಲ್ಲಿ ಮಾಡುವುದಾದರೆ ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಓಡಿಸಿ, ಹೀಟರ್ ಪೂರ್ತಿ ಬಿಸಿಯಲ್ಲಿಟ್ಟು, ಮೇಲಿನ ಹೋಸನ್ನು ಆಗಾಗ ಅದುಮುತ್ತಿರಿ, ಮಟ್ಟ ಇಳಿದಂತೆ ತುಂಬಿ. ಕೂಲಂಟ್ ಹಿಗ್ಗಿ ಮೇಲೇರಲು ಶುರುವಾದೊಡನೆ ಮುಚ್ಚಳ ಹಾಕಿ. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಎಂಜಿನ್ ಓಡಲಿ. ಹೀಟರಿನಿಂದ ಬಿಸಿಗಾಳಿ ನಿಲ್ಲದೆ ಬರುತ್ತಿದ್ದರೆ ಗಾಳಿ ಹೋಗಿದೆ. ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಬಂದರೆ ಇನ್ನೂ ಉಳಿದಿದೆ. ಮರುದಿನ ಬೆಳಿಗ್ಗೆ ಬಾಟಲಿಯ ಮಟ್ಟ ನೋಡಿ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ತನ್ನಿ. ಮೊದಲ ಎರಡು ಮೂರು ದಿನ ಸ್ವಲ್ಪ ಇಳಿಯುವುದು ಸಹಜ.

ಎಲ್ಲಿ ಕಾಯುತ್ತದೆ ಎಂಬುದೇ ಕಾರಣ ಹೇಳುತ್ತದೆ

ಟ್ರಾಫಿಕ್‌ನಲ್ಲಿ ಡ್ಯಾಶ್‌ಬೋರ್ಡಿನ ತಾಪಮಾನದ ಮುಳ್ಳು ಏರಿ, ನೈಸ್ ರಸ್ತೆಗೆ ಹತ್ತಿದ ಮೇಲೆ ಇಳಿದರೆ ಗಾಳಿಯ ತೊಂದರೆ, ಅಂದರೆ ಫ್ಯಾನ್. ಎಂಜಿನ್ ಓಡಿಸಿ ಎಸಿ ಹಾಕಿ. ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ರಿಲೇ. ಅನೇಕ ಕಾರುಗಳಲ್ಲಿ ಫ್ಯಾನ್ ರಿಲೇಯ ಪಕ್ಕ ಅದೇ ಅಳತೆಯ ಇನ್ನೊಂದು ರಿಲೇ ಇರುತ್ತದೆ, ಅದಲುಬದಲು ಮಾಡಿ ಪರೀಕ್ಷಿಸಬಹುದು. ಎರಡು ವೇಗದ ಫ್ಯಾನಿನಲ್ಲಿ ಕಡಿಮೆ ವೇಗದ ರೆಸಿಸ್ಟರ್ ಸುಟ್ಟರೆ ಫ್ಯಾನ್ ತಡವಾಗಿ ಒಮ್ಮೆಲೇ ಜೋರಾಗಿ ತಿರುಗಲು ಶುರುವಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಎಸಿ ತಣ್ಣಗಾಗದಿರುವುದೇ ಇದರ ಮೊದಲ ಸೂಚನೆ. ಎಸಿ ರಿಪೇರಿಯವರಿಗೆ ಗ್ಯಾಸ್ ತುಂಬಿಸಲು ಹೇಳುವ ಮೊದಲು ಈ ಫ್ಯಾನ್ ನೋಡಿ.

ಫ್ಯಾನ್ ಸರಿಯಿದ್ದರೆ ರೇಡಿಯೇಟರಿನ ಹೊರಮೈ. ಕಟ್ಟಡ ಕೆಲಸದ ಧೂಳು, ಹುಳುಗಳು, ಒಣ ಎಲೆಚೂರು ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕೂತು ಹೊರಗೆ ಕಾಣುವುದಿಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ಪೈಪಿನ ನೀರಿನಲ್ಲಿ ತೊಳೆಯಿರಿ. ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರದಿಂದ ಹೊಡೆದರೆ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಬಾಗಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಇದಕ್ಕೆ ತಿರುಗುಮುರುಗಾಗಿ, ಊರೊಳಗೆ ಸರಿಯಿದ್ದು ನಂದಿ ಬೆಟ್ಟ ಹತ್ತುವಾಗಲೋ ಶಿರಾಡಿ ಘಾಟಿಯಲ್ಲೋ ಕಾಯ್ದರೆ ಕೂಲಂಟಿನ ಹರಿವು ಸಾಲದು: ಒಳಗೆ ಗಸಿ ಕಟ್ಟಿದ ರೇಡಿಯೇಟರ್, ಅರ್ಧ ತೆರೆಯುವ ಥರ್ಮೋಸ್ಟ್ಯಾಟ್, ರೆಕ್ಕೆ ಸವೆದ ಪಂಪ್, ಅಥವಾ ಎಂಜಿನ್ ವೇಗ ಏರಿದಾಗ ಒಳಕ್ಕೆ ಕುಗ್ಗುವ ಹಳೆಯ ಕೆಳಗಿನ ಹೋಸ್. ಹೊರಟ ಕೆಲವೇ ನಿಮಿಷದಲ್ಲಿ ಕಾಯ್ದು, ಮೇಲಿನ ಹೋಸ್ ಸುಡುತ್ತಾ ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟ್ಯಾಟ್ ಮುಚ್ಚಿಕೊಂಡಿದೆ ಎಂದೇ ಮೊದಲ ಅನುಮಾನ. ಅದನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿ ದಾರಕ್ಕೆ ನೇತುಹಾಕಿ, ಥರ್ಮಾಮೀಟರ್ ಇಟ್ಟು ಕಾಯಿಸಿ ಪರೀಕ್ಷಿಸಬಹುದು. 82ರದ್ದು ಬೆಂಗಳೂರಿನಲ್ಲಿ ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆಯಬೇಕು. 88ರದ್ದು ಇಲ್ಲಿನ 97 ಡಿಗ್ರಿ ನೀರಿನಲ್ಲಿ ಪೂರ್ತಿ ತೆರೆಯದಿರಬಹುದು, ಅದನ್ನು ಕೆಟ್ಟಿದೆ ಎಂದು ಎಸೆಯಬೇಡಿ. 88ರ ಸುಮಾರಿಗೆ ತೆರೆಯಲು ಶುರುವಾಗುತ್ತದೆಯೇ ನೋಡಿ. ವಾಪಸ್ ಕೂರಿಸುವಾಗ ಅದರಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲಕ್ಕಿರಲಿ, ಗಾಳಿ ಹೊರಹೋಗುವ ದಾರಿ ಅದೇ.

ಕೂಲಂಟ್ ಇಳಿಯುತ್ತಿದ್ದು ನೆಲದಲ್ಲಿ ಕಲೆಯಿಲ್ಲವೆಂದರೆ ಬಿಸಿ ಲೋಹದ ಮೇಲೆ ಬಿದ್ದು ಆವಿಯಾಗುತ್ತಿರಬಹುದು. ಹೋಸ್ ಕ್ಲಿಪ್ಪುಗಳ ಬಳಿ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಸೇರುವ ಅಂಚಿನಲ್ಲಿ, ಪಂಪಿನ ಕೆಳಗಿನ ಸಣ್ಣ ರಂಧ್ರದಲ್ಲಿ ಒಣಗಿದ ಪುಡಿ ಹುಡುಕಿ. ಆ ರಂಧ್ರದಿಂದ ತೊಟ್ಟಿಕ್ಕಿದರೆ ಪಂಪಿನ ಸೀಲ್ ಮುಗಿದಿದೆ. ಟೈಮಿಂಗ್ ಬೆಲ್ಟ್ ತಿರುಗಿಸುವ ಪಂಪ್ ಇರುವ ಎಂಜಿನ್ನಿನಲ್ಲಿ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿ, ಬಿಚ್ಚುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಕಾರಿನೊಳಗೆ ಸಿಹಿ ವಾಸನೆ, ಒದ್ದೆ ಮ್ಯಾಟ್, ಗಾಜಿಗೆ ಜಿಡ್ಡಾದ ಮಂಜು ಕಂಡರೆ ಹೀಟರ್ ಕೋರ್ ಸೋರುತ್ತಿದೆ. ಬೇಸ್‌ಮೆಂಟಿನಲ್ಲಿ ನಿಲ್ಲಿಸುವ ಕಾರುಗಳಲ್ಲಿ ಇಲಿ ಕಡಿದ ಹೋಸ್, ಫ್ಯಾನಿನ ವೈರ್ ಇವನ್ನೂ ನೋಡಿ. ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಪುಡಿ, ದ್ರವಗಳನ್ನು ಹಾಕಬೇಡಿ. ತೂತು ಮುಚ್ಚುವ ಅದೇ ವಸ್ತು ಹೀಟರ್ ಕೋರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

ಹೊರಗೆಲ್ಲೂ ಸೋರಿಕೆ ಸಿಗದಿದ್ದರೆ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದು. ತಣ್ಣಗಿನ ಎಂಜಿನ್ ಶುರುಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಿನಷ್ಟು ಬಿಗಿಯಾಗುವುದು, ಬಾಟಲಿಯಲ್ಲಿ ನಿಲ್ಲದ ಗುಳ್ಳೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್‌ನಲ್ಲಿ ಕೆನೆಬಣ್ಣದ ಲೋಳೆ ಇದರ ಗುರುತುಗಳು. ಹೆಡ್ ಬಿಚ್ಚುವ ಮೊದಲು ಬ್ಲಾಕ್ ಟೆಸ್ಟ್ ಮಾಡಲು ಗ್ಯಾರೇಜಿನವರನ್ನು ಕೇಳಿ: ಕೂಲಂಟಿನ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ, ಉರಿದ ಅನಿಲ ಬೆರೆತಿದ್ದರೆ ದ್ರವ ಹಳದಿಗೆ ತಿರುಗುತ್ತದೆ.

ರಸ್ತೆಯಲ್ಲೇ ಬಿಸಿಯಾದರೆ

ಮುಳ್ಳು ಮಧ್ಯದಿಂದ ಮೇಲೇಳುವುದು ಕಂಡ ಕೂಡಲೇ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ವೇಗಕ್ಕೆ ಹಾಕಿ ಕಿಟಕಿ ಇಳಿಸಿ. ಹೀಟರ್ ಕೋರ್ ಒಂದು ಚಿಕ್ಕ ರೇಡಿಯೇಟರಾಗಿ ಕೆಲಸ ಮಾಡುತ್ತದೆ. ಹೆಬ್ಬಾಳ ಫ್ಲೈಓವರಿನಂಥ ಕಡೆ ಇದ್ದರೆ ಹಜಾರ್ಡ್ ಲೈಟ್ ಹಾಕಿ ಎಡಕ್ಕೆ ಬಂದು ನಿಲ್ಲಲು ಜಾಗ ನೋಡಿ. ಮುಳ್ಳು ಕೆಂಪು ಮುಟ್ಟಿದರೆ, ಆವಿ ಕಂಡರೆ, ಕೆಂಪು ದೀಪ ಹೊತ್ತಿದರೆ ಎಂಜಿನ್ ನಿಲ್ಲಿಸಿ. ಗ್ಯಾರೇಜು ಹತ್ತಿರವಿದೆಯೆಂದು ಓಡಿಸಿದರೆ ಹೆಡ್ ಬಾಗುತ್ತದೆ. ಮುಳ್ಳನ್ನು ಪೂರ್ತಿ ನಂಬುವಂತೆಯೂ ಇಲ್ಲ. ಕೂಲಂಟ್ ಸೋರಿ ಖಾಲಿಯಾದಾಗ ಸೆನ್ಸರ್ ಬರೀ ಗಾಳಿಯಲ್ಲಿರುತ್ತದೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಇಳಿಯಬಹುದು. ಹೀಟರ್ ಹಾಕಿದಾಗ ತಣ್ಣನೆಯ ಗಾಳಿ ಬಂದರೆ ಒಳಗೆ ಕೂಲಂಟ್ ಇಲ್ಲವೆಂದೇ ತಿಳಿದು ನಿಲ್ಲಿಸಿ.

ಬಾನೆಟ್ ಎತ್ತಿ ಕನಿಷ್ಠ 45 ನಿಮಿಷ ಬಿಡಿ. ಬಿಸಿಯಿದ್ದಾಗ ಮುಚ್ಚಳ ತಿರುಗಿಸಿದರೆ ಒತ್ತಡ ಇಳಿದು ಕೂಲಂಟ್ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ, ಸುಟ್ಟ ಗಾಯ ಗಂಭೀರವಾಗಿರುತ್ತದೆ. ಹೋಸ್ ಅದುಮಿದರೆ ಮೆತ್ತಗಿದ್ದು ಕೈಗೆ ಬೆಚ್ಚಗಷ್ಟೇ ಇದ್ದಾಗ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತೆರೆಯಿರಿ. ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ತುರ್ತಿಗೆ ಯಾವ ಕುಡಿಯುವ ನೀರಾದರೂ ತುಂಬಿ ಹತ್ತಿರದ ಗ್ಯಾರೇಜು ಸೇರಬಹುದು, ಆದರೆ ಆ ವಾರದಲ್ಲೇ ಅದನ್ನು ಇಳಿಸಿ ಸರಿಯಾದ ಕೂಲಂಟ್ ತುಂಬಿಸಿ.

ಹಳೆಯ ಕೂಲಂಟ್

ಇಳಿಸಿದ ಕೂಲಂಟನ್ನು ಟಬ್ಬಿನಲ್ಲಿ ಒಂದು ಗಳಿಗೆಯೂ ತೆರೆದಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಮೂತ್ರಪಿಂಡ ಕೆಟ್ಟು ಸಾಯಲು. ಮಕ್ಕಳಿಗೂ ಅಷ್ಟೇ ಅಪಾಯ. ರಸ್ತೆಬದಿಯ ಚರಂಡಿಗೂ ಸುರಿಯಬೇಡಿ, ಅದು ರಾಜಕಾಲುವೆಗೆ, ಅಲ್ಲಿಂದ ಬೆಳ್ಳಂದೂರು, ವರ್ತೂರಿನಂಥ ಕೆರೆಗಳಿಗೆ ಸೇರುತ್ತದೆ. ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ ಹಳೆಯ ಕೂಲಂಟ್, ವಿಷ ಎಂದು ಬರೆದು, ಬಳಸಿದ ಆಯಿಲನ್ನು ಬೇರೆಯಾಗಿ ಶೇಖರಿಸಿ ವಿಲೇವಾರಿ ಮಾಡುವ ಸರ್ವೀಸ್ ಸೆಂಟರನ್ನು ಕೇಳಿ ಅಲ್ಲಿಗೆ ಕೊಡಿ. ಆಯಿಲ್ ಜೊತೆ ಒಂದೇ ಕ್ಯಾನಿನಲ್ಲಿ ಬೆರೆಸಬೇಡಿ, ಬೆರೆಸಿದರೆ ಎರಡನ್ನೂ ಮರುಬಳಕೆ ಮಾಡಲು ಬರುವುದಿಲ್ಲ.